ಪಾಲು, ಹಾಲು, ಆಲು

ತಮಿಳುನಾಡು ಸರ್ಕಾರಿ ಬಸ್ಸಿನ ಬೋರ್ಡಿನಲ್ಲಿ ‘ಹೊಸೂರು’ ಇರುವುದಿಲ್ಲ, ‘ಓಸೂರ್’ ಇರುತ್ತದೆ. ತಮಿಳಿಗೆ ತನ್ನದೇ ಆದ ಹಕಾರವಿಲ್ಲ. ನಮ್ಮ ಹೊಸ ಊರು ಅಲ್ಲಿ ಹಗುರಾಗಿ ಓಸೂರಾಗಿದೆ. ಬೆಂಗಳೂರಿನ ಕೆಲವರಿಗೆ ಇದು ಊರಿನ ಹೆಸರು ಕೆಡಿಸಿದಂತೆ ಕಾಣುತ್ತದೆ. ಆದರೆ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಿಂದ ಬಂದು ಹೊಸೂರಿನಲ್ಲಿ ಬಾಡಿಗೆಗಿರುವ ಇಪ್ಪತ್ತೇಳರ ಸಾಫ್ಟ್‌ವೇರ್ ಹುಡುಗನ ಅವ್ವನಿಗೆ ಅಂಥ ತಕರಾರೇನೂ ಇಲ್ಲ. ಮಗ ಎಲ್ಲಿದ್ದಾನೆ ಎಂದು ಕೇಳಿದವರಿಗೆಲ್ಲ ಆಕೆ ಮೊದಲ ದಿನದಿಂದಲೂ ಹೇಳುತ್ತಿರುವುದು ಒಂದೇ ಮಾತು: “ಒಸೂರಲ್ಲವ್ನೆ ಕಣವ್ವ.”

ಕೆಲಸ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ, ವಾಸ ಹೊಸೂರಿನಲ್ಲಿ, ಓಟು ಬೆಸಗರಹಳ್ಳಿಯಲ್ಲಿ. ಬೆಂಗಳೂರಿನ ಬಾಡಿಗೆ, ಅಡ್ವಾನ್ಸು ನೋಡಿ ಬೆಚ್ಚಿದವರು ಗಡಿಯ ಅತ್ತಿಬೆಲೆ ದಾಟಿ ಮನೆ ಹುಡುಕುವುದು ಈಗ ಮಾಮೂಲು. ಹೊಸೂರು ಬೆಳೆದದ್ದೇ ಕಾರ್ಖಾನೆಗಳಿಂದ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು, ಹಿಂದೆಯೇ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್. 2019ರಲ್ಲಿ ಊರು ಮಹಾನಗರ ಪಾಲಿಕೆಯಾಯಿತು. ಬೆಂಗಳೂರಿನ ಏಥರ್ ಸ್ಕೂಟರಿನವರೂ 2021ರಲ್ಲಿ ಇಲ್ಲೇ ಕಾರ್ಖಾನೆ ತೆರೆದರು. ಹಾಗಾಗಿ ಬೆಳಿಗ್ಗೆ ಎಂಟರ ಹೊತ್ತಿಗೆ ರಸ್ತೆಯ ಒಂದು ಬದಿಯಲ್ಲಿ ಕಂಪನಿ ಬಸ್ಸುಗಳು ಹೊಸೂರಿನೊಳಕ್ಕೆ ಬರುತ್ತಿರುತ್ತವೆ, ಇನ್ನೊಂದು ಬದಿಯಲ್ಲಿ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡವರು ಬೆಂಗಳೂರಿನ ಕಡೆಗೆ ಹೊರಟಿರುತ್ತಾರೆ. ಎರಡೂ ಕಡೆ ಟ್ರಾಫಿಕ್ ಜಾಮ್ ಮಾತ್ರ ಒಂದೇ.

ಹುಡುಗ ಮನೆ ಹುಡುಕಿದ ಕಥೆ ಕೇಳಬೇಕು. ಬ್ರೋಕರ್ ಫೋನಿನಲ್ಲಿ “ಮನೈ ಇರುಕ್ಕು ಸಾರ್, ನಲ್ಲ ಮನೈ” ಎಂದ. ಮನೆ ಇದೆ ಎಂದಲ್ಲವೇ ಅರ್ಥ? ಅರ್ಧ ದಿನ ರಜೆ ಹಾಕಿ ಬಾಗಲೂರು ರಸ್ತೆಗೆ ಹೋದರೆ ಅಲ್ಲಿದ್ದದ್ದು ಬೇಲಿ ಸುತ್ತಿದ ಖಾಲಿ ಜಾಗ, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ತಮಿಳಿನಲ್ಲಿ ‘ಮನೈ’ ಎಂದರೆ ಸೈಟು. ವಾಸದ ಮನೆಗೆ ‘ವೀಡು’. ನಮ್ಮ ಬೀಡು ಅಲ್ಲಿ ವೀಡಾಗಿ ಬಾಡಿಗೆಗೆ ಸಿಗುತ್ತದೆ, ನಮ್ಮ ಮನೆ ಅಲ್ಲಿ ಇನ್ನೂ ಕಟ್ಟಿಯೇ ಇಲ್ಲ!

ಇಂಥ ಎಡವಟ್ಟು ಊಟದ ಮೆಸ್ಸಿನಲ್ಲೂ ಆಯಿತು. ಅನ್ನಕ್ಕೆ “ಸಾರು” ಕೇಳಿದರೆ ಬಡಿಸುವವರು ಯೋಚನೆಗೆ ಬಿದ್ದರು. ತಮಿಳಿನಲ್ಲಿ ಸಾರು ಎಂದರೆ ಹಿಂಡಿ ತೆಗೆದ ರಸ, ಕಬ್ಬಿನ ಹಾಲೂ ಅದೇ. ಕಬ್ಬಿನ ಸೀಮೆಯಿಂದ ಬಂದವನಿಗೆ ಅನ್ನಕ್ಕೆ ಕಬ್ಬಿನ ಹಾಲು ಹೊಯ್ಯುವುದೇ ಎಂದು ಅವರಾದರೂ ಹೇಗೆ ತಿಳಿಯಬೇಕು? ಮುದ್ದೆಯ ವಿಷಯದಲ್ಲಿ ಮಾತ್ರ ತೊಂದರೆ ಬರಲಿಲ್ಲ. ಹೊಸೂರಿರುವ ಕೃಷ್ಣಗಿರಿ ಜಿಲ್ಲೆಯೂ ರಾಗಿಯ ನಾಡೇ. ‘ಕಳಿ’ ಎಂದು ಬಡಿಸಿದರು, ಮುದ್ದೆ ಎಂದು ಇವನು ನುಂಗಿದ.

ಹಾಲಿನ ಅಂಗಡಿಯ ಪ್ರಸಂಗ ಇನ್ನೂ ಸ್ವಾರಸ್ಯ. ತಮಿಳಿನ ಪಾಲ್ ನಮ್ಮ ಹಳಗನ್ನಡದಲ್ಲೂ ಪಾಲ್ ಆಗಿಯೇ ಇತ್ತು. ನಡುಗನ್ನಡದ ಹೊತ್ತಿಗೆ ಪಕಾರ ಹಕಾರವಾಗಿ ಹಾಲಾಯಿತು. ಮಂಡ್ಯದವರು ಆ ಹಕಾರವನ್ನೂ ಇಳಿಸಿ ಆಲು ಮಾಡಿಕೊಂಡರು. ಪುಲಿ, ಹುಲಿ, ಉಲಿ. ಪತ್ತು, ಹತ್ತು, ಅತ್ತು. ಹೊಸೂರಿನ ಸುತ್ತ ಕೆಲವರಪಳ್ಳಿ, ಆವಲಪಳ್ಳಿ, ರಾಜಾಜಿ ಹುಟ್ಟಿದ ತೊರಪಳ್ಳಿ. ಇವನದು ಬರೆಯುವಾಗ ಬೆಸಗರಹಳ್ಳಿ, ಬಾಯಲ್ಲಿ ಬೆಸ್ಗರಳ್ಳಿ. ಮಗನನ್ನು ನೋಡಲು ಬಂದ ಅವ್ವ ಬೆಳಿಗ್ಗೆ ಅಂಗಡಿ ಮುಂದೆ ನಿಂತು “ಅರ್ದ ಲೀಟ್ರು ಆಲು ಕೊಡಪ್ಪ” ಎಂದಾಗ ಅಂಗಡಿಯವನಿಗೆ ಕೇಳಿಸಿದ್ದು ‘ಆಳು’. “ಎಂದ ಆಳು ಅಮ್ಮಾ?” ಎಂದ, ಯಾವ ಮನುಷ್ಯ ಬೇಕು ಎಂಬಂತೆ. ಪಕ್ಕದಲ್ಲಿದ್ದ ಮನೆಯೊಡತಿ ನಕ್ಕು ಪ್ಯಾಕೆಟ್ಟು ಕೊಡಿಸಿದರು.

ಆ ಮನೆಯೊಡತಿಯ ಮನೆಮಾತು ತೆಲುಗು, ಓದಿದ್ದು ತಮಿಳು, ಸಂತೆ ವ್ಯವಹಾರಕ್ಕೆ ಕನ್ನಡವೂ ಸೇರಿ ಮೂರೂ. ಬೆಸಗರಹಳ್ಳಿಯ ಅವ್ವನಿಗೆ ಒಂದೇ ಭಾಷೆ. ಆದರೂ ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ಹರಟಿದರು. ಅಕ್ಕ, ಅಣ್ಣ, ಮಾಮ, ಸಂಬಳ, ನಾಳೆ ಇಷ್ಟಿದ್ದರೆ ಮದುವೆಯಾಗದ ಮಗನ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ವೈದ್ಯರೂ ಕಥೆಗಾರರೂ ಆಗಿದ್ದ ಬೆಸಗರಹಳ್ಳಿ ರಾಮಣ್ಣನವರು ಇದೇ ಮಣ್ಣಿನ ಆಡುಮಾತನ್ನು ಕಥೆಗೆ ತಂದವರು. ಈ ಮೆಟ್ಟಿಲ ಹರಟೆ ಅವರ ಕಿವಿಗೆ ಬೀಳಬೇಕಿತ್ತು.

ಅವ್ವ ಬಂದ ದಾರಿಯಲ್ಲೂ ಒಂದು ಗಡಿಯ ಲೆಕ್ಕವಿದೆ. ಕರ್ನಾಟಕದ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಪುಕ್ಕಟೆ ‘ಶಕ್ತಿ’, ಆಧಾರ್ ತೋರಿಸಿದರಾಯಿತು. ತಮಿಳುನಾಡಿನ ಸಾಮಾನ್ಯ ಟೌನ್ ಬಸ್ಸುಗಳಲ್ಲಿ 2021ರಿಂದಲೇ ಹೆಂಗಸರಿಗೆ ದುಡ್ಡಿಲ್ಲ. ಆದರೆ ಗಡಿ ದಾಟಿಸುವ ತಮಿಳುನಾಡು ಬಸ್ಸಿನಲ್ಲಿ ಆಧಾರ್ ಕಾರ್ಡು ಹಿಡಿದರೆ ಕಂಡಕ್ಟರ್ ಕಾಸು ಕೇಳುತ್ತಾನೆ. ಎರಡು ಪುಕ್ಕಟೆಗಳ ನಡುವೆ ಒಂದು ಟಿಕೆಟ್ಟು!

ಹುಡುಗನದು ಬೇರೆ ದಾರಿ. ಶುಕ್ರವಾರ ಸಂಜೆ ಆಫೀಸಿನಿಂದಲೇ ಊರಿಗೆ ಹೊರಡುತ್ತಾನೆ. 2025ರ ಆಗಸ್ಟ್ 10ರಂದು ಬೊಮ್ಮಸಂದ್ರದಿಂದ ಆರ್.ವಿ. ರಸ್ತೆಗೆ ಹಳದಿ ಮೆಟ್ರೋ ಉದ್ಘಾಟನೆಯಾದ ಮೇಲೆ ಅವನ ಜೀವ ಸ್ವಲ್ಪ ಹಗುರಾಗಿದೆ: ಹಳದಿಯಿಂದ ಹಸಿರು, ಮೆಜೆಸ್ಟಿಕ್‌ನಲ್ಲಿ ನೇರಳೆ, ಮೈಸೂರು ರಸ್ತೆಯಲ್ಲಿಳಿದು ಸ್ಯಾಟಲೈಟ್ ಬಸ್ ನಿಲ್ದಾಣ, ಅಲ್ಲಿಂದ ಮದ್ದೂರು. ಬೈಕಿನಲ್ಲಿ ಹೋಗೋಣವೆಂದರೆ ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಮೆಟ್ರೋ ಹೊಸೂರಿಗೂ ಬರಲಿ ಎಂಬ ಪ್ರಸ್ತಾವ ಇನ್ನೂ ಕಾಗದದ ಮೇಲಿದೆ. ಅಲ್ಲಿಯವರೆಗೆ ಬೊಮ್ಮಸಂದ್ರದಿಂದಾಚೆ ಬಸ್ಸೇ ಬಸ್ಸು.

ಇಷ್ಟೆಲ್ಲ ಹಗುರ ಮಾತು ಕಾವೇರಿ ಬಂದಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳು ಉರಿದ ಮೇಲೆ ಎರಡೂ ಕಡೆಯ ಬಸ್ಸುಗಳು ಗಡಿಯಲ್ಲೇ ನಿಂತವು. ಜನ ಗಂಟುಮೂಟೆ ಹೊತ್ತು ಅತ್ತಿಬೆಲೆಯಲ್ಲಿ ನಡೆದು ದಾಟಿದರು. ಆಗ ಹುಡುಗ ಇನ್ನೂ ಊರಿನಲ್ಲೇ ಇದ್ದ, ಮದ್ದೂರಿನ ಹೆದ್ದಾರಿ ತಡೆಯಲ್ಲಿ ಕೂತವರಲ್ಲಿ ಅವನೂ ಒಬ್ಬ. 2023ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದ್ ಆದಾಗ ಅವನಿದ್ದದ್ದು ಗಡಿಯ ಈಚೆಗೆ, ಹೊಸೂರಿನ ರೂಮಿನಲ್ಲಿ. ಅಪ್ಪ ಫೋನಿನಲ್ಲಿ “ನೀರ್ ಬುಟ್ರಂತಲ್ಲೋ” ಎಂದು ಸಂಕಟ ತೋಡಿಕೊಂಡರು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ ಮದ್ದೂರು, ಮಳವಳ್ಳಿ, ನೀರು ಕಡಿಮೆಯಾದರೆ ಮೊದಲು ಒಣಗುವುದು ಅಲ್ಲೇ. ಅದೇ ಸಂಜೆ ಮನೆಯೊಡತಿ, “ನೀರು ಬಿಡ್ತಾರಾ ತಂಬಿ?” ಎಂದು ಕೇಳಿದರು. ಇಬ್ಬರಿಗೂ ಅವನು ‘ಹೂಂ’ ಎಂದ.

ಆ ಪ್ರಶ್ನೆಗೆ ಕಾರಣವಿತ್ತು. ಹೊಸೂರಿನ ನಲ್ಲಿಗೆ ಬರುವುದು ಹೊಗೇನಕಲ್ ಕುಡಿಯುವ ನೀರಿನ ಯೋಜನೆಯ ನೀರು. 2013ರಲ್ಲಿ ಉದ್ಘಾಟನೆಯಾದ ಆ ಯೋಜನೆ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಿಗೆ ಕಾವೇರಿಯನ್ನು ಏರಿಸಿ ತರುತ್ತದೆ. ಮದ್ದೂರಿನ ಮಗ್ಗುಲಲ್ಲಿ ಹರಿಯುವ ಶಿಂಷೆ ಮಳವಳ್ಳಿ ಸೀಮೆ ದಾಟಿ ಕಾವೇರಿಗೆ ಸೇರಿ ಇಳಿಯುವುದೂ ಹೊಗೇನಕಲ್ಲಿಗೇ. ಅಂದರೆ ಹುಡುಗ ಊರಿನಿಂದ ತಂದ ಬಾಟಲಿ ಖಾಲಿಯಾದ ಮೇಲೆ ಕುಡಿಯುವುದೂ ಊರಿನ ನೀರನ್ನೇ, ಸ್ವಲ್ಪ ಸುತ್ತು ಹಾಕಿ ಬಂದದ್ದು.

ಹೊಸೂರಿನಲ್ಲಿ ಕನ್ನಡ ಆಡುವುದು ಕಷ್ಟವಲ್ಲ. ಓದುವುದು, ಬರೆಯುವುದು ಕಷ್ಟ. ತರಕಾರಿಯವರು, ಆಟೋದವರು, ಚಂದ್ರಚೂಡೇಶ್ವರನ ಬೆಟ್ಟದಲ್ಲಿ ಹೂ ಮಾರುವವರು ಎಲ್ಲರೂ ಕನ್ನಡಕ್ಕೆ ಉತ್ತರಿಸುತ್ತಾರೆ. ಬಾಡಿಗೆ ಕರಾರು, ಎರಡು ತಿಂಗಳಿಗೊಮ್ಮೆ ಬರುವ ಕರೆಂಟ್ ಬಿಲ್ಲು, ಪಾಲಿಕೆಯ ನೋಟಿಸು ಮಾತ್ರ ತಮಿಳು. ತಳಿ, ದೆಂಕಣಿಕೋಟೆ ಕಡೆ ಕನ್ನಡ ಶಾಲೆಗಳಿವೆ. ಆದರೆ 2006ರ ಕಾಯ್ದೆಯಂತೆ ತಮಿಳುನಾಡಿನಲ್ಲಿ ಹತ್ತನೆಯ ತರಗತಿವರೆಗೆ ತಮಿಳು ಕಡ್ಡಾಯ, ಕನ್ನಡದ ಮಕ್ಕಳಿಗೂ. ಮಕ್ಕಳು ಇನ್ನೊಂದು ಭಾಷೆ ಕಲಿಯುವುದರಲ್ಲಿ ನಷ್ಟವೇನಿಲ್ಲ. ಅದರ ಜೊತೆಗೆ ಕನ್ನಡದ ಮೇಷ್ಟ್ರು ನಿವೃತ್ತರಾದ ಜಾಗಕ್ಕೆ ಇನ್ನೊಬ್ಬ ಕನ್ನಡದ ಮೇಷ್ಟ್ರು ಬರಬೇಕು, ಅಷ್ಟೇ. ಮಗನಿಗೆ ಹೆಣ್ಣು ನೋಡುತ್ತಿರುವ ಅವ್ವನಿಗೆ ಈ ಕಾಯ್ದೆಯ ವಿಷಯ ಅವನಿನ್ನೂ ಹೇಳಿಲ್ಲ.

ತಾನು ಮಾತ್ರ ತಮಿಳು ಅಕ್ಷರ ಕಲಿತಿದ್ದಾನೆ. ಸ್ವರ 12, ವ್ಯಂಜನ 18. ಕ, ಗ ಎರಡಕ್ಕೂ ಒಂದೇ ಅಕ್ಷರ, ಪ, ಬ ಎರಡಕ್ಕೂ ಒಂದೇ. ಕಲಿತ ಮೊದಲ ವಾರ ಕಾಗದದ ಮೇಲೆ ಊರಿನ ಹೆಸರು ಬರೆದು ಮನೆಯೊಡತಿಯ ಮಗನಿಗೆ ತೋರಿಸಿದ. ಆ ಪೋರ ಓದಿದ: “ಪೆಸಗರ...” ಅಷ್ಟಕ್ಕೇ ನಿಂತ.

ಬಾಡಿಗೆ ಕಡಿಮೆ ಎಂದು ಹೊಸೂರಿಗೆ ಹೊರಟಿರುವವರು ಎರಡು ಮಾತು ನೆನಪಿಟ್ಟುಕೊಳ್ಳಿ. ಫೋನಿನಲ್ಲಿ ‘ಮನೈ’ ಎಂದರೆ ರಜೆ ಹಾಕಬೇಡಿ, ‘ವೀಡು’ ಎಂದರೆ ಮಾತ್ರ ಹೋಗಿ. ಹೋದ ಮೇಲೆ ಮೊದಲು ಕೇಳಬೇಕಾದ್ದು ನಲ್ಲಿಯಲ್ಲಿ ಹೊಗೇನಕಲ್ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ ಎಂದು. ಕನ್ನಡದಲ್ಲೇ ಕೇಳಿ, ತಿಳಿಯುತ್ತದೆ.