ಮೂರು ಸಲವೂ ಅಷ್ಟೇ

ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿಕೊಂಡಿರುವವನಿಗೆ ಗಾಜಿನ ಪಿಪೆಟ್ಟಿನ ಗೊಡವೆ ಏಕೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಎಂ.ಎ.ಗೆ ಕನ್ನಡವನ್ನು ಆರಿಸಿಕೊಳ್ಳುವುದಕ್ಕೆ ಬಹಳ ಮುಂಚೆ, ಪಿಯುಸಿಯ ಎರಡು ವರ್ಷ ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದೆ. ಆಗ ಕಲಿತದ್ದರಲ್ಲಿ ಬಹುಪಾಲು ಮರೆತುಹೋಗಿದೆ. ಒಂದನ್ನು ಮಾತ್ರ ಮರೆಯುವುದಾಗಲಿಲ್ಲ.

ನಮ್ಮೂರು ಅಮಾಸೆಬೈಲು. ಕುಂದಾಪುರದಿಂದ ಮೂಡಲಿಗೆ, ಘಟ್ಟದ ಬುಡಕ್ಕೆ ಒತ್ತಿಕೊಂಡಿರುವ ಊರು. ದೇಶದಲ್ಲಿ ದಶಮಾನ ಪದ್ಧತಿಯ ಅಳತೆಗೆ ಕಾನೂನಾದದ್ದು 1956ರಲ್ಲಾದರೂ ನಮ್ಮ ಅಡಿಗೆಮನೆಗೆ ಅದು ಐವತ್ತು ವರ್ಷ ಕಾಲಿಟ್ಟಿರಲಿಲ್ಲ. ಅಮ್ಮನ ಬಳಿ ಇದ್ದದ್ದು ಹಿತ್ತಾಳೆಯ ಒಂದು ಕುಡ್ತೆ. ನೆರೆಮನೆಯವರಿಗೆ ಹಾಲು ಅಳೆಯುವಾಗ ಕುಡ್ತೆ ತುಂಬಿದ ಮೇಲೆ ಇನ್ನೊಂದು ಸಣ್ಣ ಧಾರೆ ಅವರ ಪಾತ್ರೆಗೆ ಬೀಳುತ್ತಿತ್ತು. ಅದು ಲೆಕ್ಕಕ್ಕೆ ಸೇರಿದ್ದಲ್ಲ. ಆದರೆ ಅದನ್ನು ಹಾಕದೆ ಅಳತೆ ಮುಗಿಯಿತೆಂದು ಅಮ್ಮ ಒಪ್ಪುತ್ತಿರಲಿಲ್ಲ.

ಇಂಥ ಮನೆಯಿಂದ ಹೋದವನಿಗೆ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆ ಬೇರೊಂದು ಲೋಕವಾಗಿ ಕಂಡಿತು. ಪಿಪೆಟ್ಟಿನಿಂದ ದ್ರವವನ್ನು ಬಿಟ್ಟಾಗ ತುದಿಯಲ್ಲಿ ಒಂದು ಹನಿ ಉಳಿಯುತ್ತದೆ. ಅದನ್ನು ಊದಿ ಬೀಳಿಸಕೂಡದು. ತುದಿಯನ್ನು ಪಾತ್ರೆಯ ಗೋಡೆಗೆ ಸೋಕಿಸಿ ತೆಗೆಯಬೇಕು. ಉಳಿಯುವ ಹನಿಯನ್ನೂ ಎಣಿಸಿಕೊಂಡೇ ಅದರ ಮೇಲೆ ಗೆರೆ ಎಳೆದಿರುತ್ತಾರಂತೆ! ಗಾಜಿನೊಳಗೆ ನೀರಿನ ಮೈ ಸಮವಾಗಿರುವುದಿಲ್ಲ, ಬಟ್ಟಲಿನಂತೆ ತಗ್ಗಿರುತ್ತದೆ. ಆ ತಗ್ಗಿನ ತಳವನ್ನು ಓದಬೇಕು. ಪರ್ಮ್ಯಾಂಗನೇಟಿನಂತಹ ಕಡುನೇರಳೆ ದ್ರವವಾದರೆ ತಳ ಕಾಣುವುದಿಲ್ಲವಾಗಿ ಮೇಲಂಚನ್ನೇ ಓದಬೇಕು.

2006ರ ಮಳೆಗಾಲದ ಒಂದು ಮಧ್ಯಾಹ್ನ. ಬ್ಯುರೆಟ್ಟಿನಲ್ಲಿ ಅದೇ ಪರ್ಮ್ಯಾಂಗನೇಟು, ಕೆಳಗೆ ಬಿಸಿಮಾಡಿದ ಆಕ್ಸಾಲಿಕ್ ಆಮ್ಲ. ತಿಳಿಗುಲಾಬಿ ಬಣ್ಣ ಮಾಯವಾಗದೆ ನಿಂತಲ್ಲಿಗೆ ಲೆಕ್ಕ ಮುಗಿಯಿತು. ಗೆಳೆಯರಿಗೆಲ್ಲ ಒಮ್ಮೆ 9.9, ಒಮ್ಮೆ 10.1, ಮತ್ತೊಮ್ಮೆ 10 ಎಂದು ಅಂಕೆಗಳು ಕುಣಿಯುತ್ತಿದ್ದವು. ನನಗೆ ಮೂರು ಸಲವೂ 9.8. ನಾನು ಬೀಗಿಕೊಂಡು ಅಧ್ಯಾಪಕರಿಗೆ ಪುಸ್ತಕ ತೋರಿಸಿದೆ. ಅವರು ಏನೂ ಹೇಳಲಿಲ್ಲ. ಮೂಲೆಯಲ್ಲಿದ್ದ ಮರದ ಸ್ಟೂಲನ್ನು ಎಳೆದು ತಂದು, "ಇದರ ಮೇಲೆ ಹತ್ತಿ ಇನ್ನೊಮ್ಮೆ ನೋಡು" ಎಂದರು.

ನಾನು ತರಗತಿಯಲ್ಲೇ ಕುಳ್ಳ. ಬ್ಯುರೆಟ್ಟಿನ ಸೊನ್ನೆಯ ಗೆರೆ ನನ್ನ ನೆತ್ತಿಗಿಂತ ಮೇಲಿತ್ತು. ಕೆಳಗಿನಿಂದ ಕತ್ತೆತ್ತಿ ನೋಡಿದವನಿಗೆ ದ್ರವ ಸೊನ್ನೆಯಲ್ಲಿದ್ದಂತೆ ಕಂಡರೂ ಅದು ನಿಜವಾಗಿ ಅದಕ್ಕೂ ಮೇಲಿತ್ತು. ಮುಗಿಯುವ ವೇಳೆಗೆ ದ್ರವ ನನ್ನ ಕಣ್ಣಿನ ಮಟ್ಟಕ್ಕೆ ಇಳಿದಿರುತ್ತಿದ್ದುದರಿಂದ ಕೊನೆಯ ಓದಿಕೆ ಸರಿಯಾಗಿರುತ್ತಿತ್ತು. ಹೀಗೆ ಪ್ರತಿಸಲವೂ 0.2 ಮಿ.ಲೀ. ಲೆಕ್ಕ ತಪ್ಪಿಸಿಕೊಳ್ಳುತ್ತಿತ್ತು. ನನ್ನ ಎತ್ತರ ಮೂರು ಸಲವೂ ಅಷ್ಟೇ ಇದ್ದುದರಿಂದ ತಪ್ಪೂ ಮೂರು ಸಲ ಅಷ್ಟೇ ಆಗಿತ್ತು!

ನಾವು 'ಕರಾರುವಾಕ್ಕು' ಎಂಬ ಒಂದೇ ಮಾತಿನಲ್ಲಿ ಸುತ್ತಿಬಿಡುವ ವಸ್ತುವಿನೊಳಗೆ ಎರಡು ಸಂಗತಿಗಳಿವೆ. ನಿಜಕ್ಕೆ ಹತ್ತಿರವಿರುವುದು ಒಂದು. ತನಗೆ ತಾನೇ ಹತ್ತಿರವಿರುವುದು ಇನ್ನೊಂದು. ಪಠ್ಯಪುಸ್ತಕದವರು ಇವಕ್ಕೆ ನಿಖರತೆ, ನಿಷ್ಕೃಷ್ಟತೆ ಎಂದು ಎರಡು ಹೆಸರಿಟ್ಟಿದ್ದಾರೆ. ಯಾವುದು ಯಾವುದೆಂದು ಕನ್ನಡ ಮೇಷ್ಟರಾದ ನನ್ನಂಥವರೂ ತಡವರಿಸುವಂತಿದೆ, ಅದಿರಲಿ.

ಆ ವರ್ಷ ದೀಪಾವಳಿಗೆ ಹಾಸ್ಟೆಲಿನಿಂದ ಮನೆಗೆ ಬಂದೆ. ಹಟ್ಟಿ ಖಾಲಿಯಾಗಿತ್ತು. ನಮಗಿದ್ದ ಒಂದೇ ಕರೆಯುವ ಹಸು, ಕೌಲಿ, ಘಟ್ಟದ ಮೇಲಿನವರಿಗೆ ಮಾರಾಟವಾಗಿ ನಾಲ್ಕು ದಿನವಾಗಿತ್ತು.

ನಾವು ಹಾಲು ಹಾಕುತ್ತಿದ್ದ ಡಿಪೋ ನಮ್ಮೂರಿನದಲ್ಲ, ಹೊಳೆಯಾಚೆಯದು. ಅದರ ಹೆಸರು ಇಲ್ಲಿ ಬೇಡ. ನವರಾತ್ರಿ ಕಳೆದ ಮೇಲೆ ನಮ್ಮ ಪುಸ್ತಕದಲ್ಲಿ ಹಾಲಿನ ಜಿಡ್ಡು 3.7ರಿಂದ 3.4ಕ್ಕೆ ಇಳಿದಿತ್ತು. ಅಮ್ಮ ಹತ್ತಿಕಾಳಿನ ಹಿಂಡಿ ಹಾಕಿ ನೋಡಿದರು, ಹಸಿಹುಲ್ಲು ಕಡಿಮೆ ಮಾಡಿ ನೋಡಿದರು, ಅಂಕೆ ಏಳಲಿಲ್ಲ. ಸರದಿಯಲ್ಲಿ ನಿಂತವರೆದುರು ಇನ್ನೊಮ್ಮೆ ಪರೀಕ್ಷೆ ಮಾಡಲು ಕೇಳಿಕೊಂಡಾಗ ಕಾರ್ಯದರ್ಶಿಗಳು ಮರ್ಯಾದೆಯಿಂದಲೇ, "ಮೂರ್ ಸಲ ಕಂಡೆ ಅಕ್ಕಾ, ಮೂರ್ ಸಲವೂ ಅಷ್ಟೇ ಬಂತ್" ಎಂದಿದ್ದರಂತೆ. ಹಿಂದಿನಿಂದ ಯಾರೋ ನಕ್ಕದ್ದು ಅಮ್ಮನ ಕಿವಿಗೆ ಬಿತ್ತು. "ಒಂದ್ ತೊಟ್ಟ್ ನೀರ್ ಹಾಕಿದ್ದಿಲ್ಲ ಮಗಾ" ಎಂದು ನನ್ನೆದುರು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಮರುದಿನ ಬಾಕಿ ಹಣ ತರಲು ನಾನೇ ಹೋದೆ. ಡಿಪೋದಲ್ಲಿ ಪರೀಕ್ಷೆ ನಡೆದಿತ್ತು. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1891ರಲ್ಲಿ ರೂಪಿಸಿದ ಕ್ರಮ ಅದು. ಬ್ಯುಟಿರೋಮೀಟರೆಂಬ ಗಾಜಿನ ನಳಿಗೆಗೆ 10 ಮಿ.ಲೀ. ಗಂಧಕಾಮ್ಲ, ಅದರ ಮೇಲೆ ಹಾಲು, ಬಳಿಕ 1 ಮಿ.ಲೀ. ಅಮೈಲ್ ಆಲ್ಕೋಹಾಲು. ಬಿರಡೆ ಬಿಗಿದು ಕುಲುಕಿದರೆ ಕೈ ಸುಡುವಷ್ಟು ಬಿಸಿಯೇರುತ್ತದೆ. ಯಂತ್ರದಲ್ಲಿಟ್ಟು ಗರಗರ ತಿರುಗಿಸಿದ ಮೇಲೆ ಜಿಡ್ಡು ಬೇರ್ಪಟ್ಟು ಕತ್ತಿನ ಗೆರೆಗಳ ನಡುವೆ ಹಳದಿಯಾಗಿ ನಿಲ್ಲುತ್ತದೆ. ಗೋಡೆಯ ಮೇಲೆ ಇದರ ವಿಧಾನವನ್ನು ಅಚ್ಚುಹಾಕಿ ತೂಗಹಾಕಿದ್ದರು. ಹಾಲು 10.75 ಮಿ.ಲೀ. ಎಂದಿತ್ತು. ಕಾರ್ಯದರ್ಶಿಗಳ ಕೈಯಲ್ಲಿದ್ದ ಪಿಪೆಟ್ಟಿನ ಮೈಮೇಲೆ 10 ಎಂದಿತ್ತು.

ಹಳೆಯದು ನವರಾತ್ರಿಯ ಹೊತ್ತಿಗೆ ಕೈಜಾರಿ ಒಡೆದಿತ್ತಂತೆ. "ಎರಡೂ ಪಿಪೆಟ್ಟೇ ಅಲ್ದಾ ಮಾಣಿ?" ಎಂದು ಅವರು ನನ್ನನ್ನೇ ಕೇಳಿದರು. ಪುಸ್ತಕದ ಹಿಂಬದಿಯಲ್ಲಿ ಗುಣಿಸಿ ಭಾಗಿಸಿ ತೋರಿಸಿದೆ. 3.7 ಜಿಡ್ಡಿನ ಹಾಲನ್ನು 10.75ರ ಬದಲು 10 ಮಿ.ಲೀ. ತೆಗೆದುಕೊಂಡರೆ ನಳಿಗೆ ತೋರಿಸುವುದು 3.44. ಲ್ಯಾಕ್ಟೋಮೀಟರಿನ ಅಂಕೆ ಮಾತ್ರ ಇಷ್ಟು ದಿನವೂ ಇಳಿದಿರಲಿಲ್ಲ. ನೀರು ಬೆರೆತಿದ್ದರೆ ಅದು ಹಾಲಿನಲ್ಲಿ ಇನ್ನಷ್ಟು ಮುಳುಗಬೇಕಿತ್ತು. ಅದನ್ನು ಯಾರೂ ಲಕ್ಷಿಸಿರಲಿಲ್ಲ.

ಅವರು ದೊಡ್ಡ ಲೆಕ್ಕದ ಪುಸ್ತಕ ತೆರೆದರು. ಆ ದಿನದಿಂದ ಎಲ್ಲ ಮನೆಗಳ ಅಂಕೆಯೂ ಇಳಿದಿತ್ತು! ನಕ್ಕವರ ಮನೆಯದೂ. ಇಳಿದದ್ದು ತಮ್ಮದೊಂದೇ ಎಂದುಕೊಂಡು ಪ್ರತಿಯೊಬ್ಬರೂ ಪುಸ್ತಕವನ್ನು ಸೆರಗಿನಲ್ಲಿ, ಜೇಬಿನಲ್ಲಿ ಮುಚ್ಚಿಟ್ಟುಕೊಂಡಿದ್ದರು. ಕಾರ್ಯದರ್ಶಿಗಳು ಕಳ್ಳರಲ್ಲ, ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. ಮುಂದಿನ ವಾರವೇ ಎಲ್ಲರಿಗೂ ವ್ಯತ್ಯಾಸದ ಹಣ ಬಂತು. ನಮ್ಮ ಪಾಲಿನದು ನೂರು ರೂಪಾಯಿಗೂ ಕಡಿಮೆ. ಕೌಲಿಯನ್ನು ಹುಡುಕಿಕೊಂಡು ಅಪ್ಪಯ್ಯ ಘಟ್ಟ ಹತ್ತಿ ಹೋದರು. ಕೊಂಡವರು ಅದಾಗಲೇ ಅದನ್ನು ಇನ್ನೊಬ್ಬರಿಗೆ ದಾಟಿಸಿದ್ದರು. ಗೋಪೂಜೆಯ ದಿನ ಅಮ್ಮ ಅಭ್ಯಾಸಬಲದಿಂದ ಕಟ್ಟಿದ್ದ ಚೆಂಡುಹೂವಿನ ಮಾಲೆ ಹಟ್ಟಿಯ ಗೂಟದ ಮೇಲೇ ಬಾಡಿತು.

ಈಗ ಡಿಪೋದಲ್ಲಿ ಪಿಪೆಟ್ಟೂ ಇಲ್ಲ, ಆಮ್ಲವೂ ಇಲ್ಲ. ವಿದ್ಯುತ್ ಯಂತ್ರಕ್ಕೆ ಹಾಲು ತೋರಿಸಿದರೆ ಅಂಕೆ ತಾನೇ ಬೆಳಗುತ್ತದೆ. ಅಮ್ಮನ ಬಳಿ ಬೇರೆ ಹಸುವಿದೆ. ಎಂದಾದರೂ ಅಂಕೆ ಇಳಿದರೆ ಅಲ್ಲಿಯ ಹುಡುಗಿ, "ಮೂರು ಸಲ ನೋಡಿದೆ ಅಮ್ಮಾ, ಅಷ್ಟೇ ಬರ್ತದೆ" ಎನ್ನುತ್ತಾಳೆ. ಅಮ್ಮ ಕ್ಯಾನು ಎತ್ತಿಕೊಳ್ಳದೆ, ಹಿಂದಿನ ಮನೆಯವರ ಪುಸ್ತಕದಲ್ಲಿ ಎಷ್ಟು ಬರೆಯುತ್ತಾರೆಂದು ನೋಡಲು ಅಲ್ಲಿಯೇ ನಿಲ್ಲುತ್ತಾರೆ.