ಪುಡಿ ಹಿಮದ ಪಾಠ

ನಾವು ಮೂವರು ಸೋದರರು ಸ್ಕೀಯಿಂಗ್ ಕಲಿಯಲು ಗುಲ್ಮಾರ್ಗ್‌ಗೆ ಹೊರಟಾಗ ಕುಡತಿನಿಯಲ್ಲಿ ನಗದವರಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯವರಿಗೆ ಹಿಮದ ಉಸಾಬರಿ ಯಾಕೆ ಎಂಬುದು ಎಲ್ಲರ ಪ್ರಶ್ನೆ. ಈಗಾಗಿದ್ದರೆ, ಕೊಡಗಿನ ತೆಕ್ಕಡ ಭವಾನಿ 2025ರಲ್ಲಿ ಚಿಲಿ ದೇಶದ ಹಿಮದಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನ ಕಂಚು ಗೆದ್ದಿಲ್ಲವೇ ಎಂದು ಉತ್ತರಿಸಬಹುದಿತ್ತು. ಆಗ ಸುಮ್ಮನೆ ನಕ್ಕು ಬಸ್ ಹತ್ತಿದೆವು.

ನಮ್ಮೂರಿಗೆ ಪರಿಚಿತವಾದದ್ದು ಹಿಮವಲ್ಲ, ಬೂದಿ. ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬ ನಮ್ಮೂರಿನದು. ಉಷ್ಣ ವಿದ್ಯುತ್ ಸ್ಥಾವರ ಬಂದ ಮೇಲೆ ಹಾರುಬೂದಿಯೂ ಬಂತು. ಒದ್ದೆ ಬೂದಿಯ ಮೇಲೆ ಗಟ್ಟಿ ಪದರ ಕಂಡರೆ ಅದನ್ನು ನೆಲವೆಂದು ನಂಬಿ ಕಾಲಿಡಬೇಡಿ ಎಂದು ಅಮ್ಮ ಗದರುತ್ತಿದ್ದಳು. ಆ ಮಾತಿನ ಬೆಲೆ ನಮಗೆ ತಿಳಿದದ್ದು ಸಾವಿರಾರು ಕಿಲೋಮೀಟರ್ ದೂರದಲ್ಲಿ.

ಮೊದಲ ಚಳಿಗಾಲದಲ್ಲಿ, ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್‌ನ ಬಯಲಿನಲ್ಲಿ ನಿಲ್ಲುವುದು, ತಿರುಗುವುದು, ಬೀಳುವುದು ಕಲಿತೆವು. ಎರಡನೆಯ ಚಳಿಗಾಲ ಗೊಂಡೋಲಾ ಹತ್ತಿ ಅಫರ್ವತ್ ಬೆಟ್ಟದ ಕಡೆ ಹೋದೆವು. ರಾತ್ರಿಯಿಡೀ ಹಿಮ ಸುರಿದು ಮಂಡಿ ಮುಳುಗುವಷ್ಟು ಪುಡಿ ಕೂತಿತ್ತು. ತುಳಿದು ಗಟ್ಟಿಯಾದ ಹಿಮದಲ್ಲಿ ಕಲಿತ ವಿದ್ಯೆ ಅಲ್ಲಿ ಕೈಕೊಟ್ಟಿತು. ಗಟ್ಟಿ ಹಿಮದಲ್ಲಿ ಹೊರಗಿನ ಕಾಲಿಗೆ ಭಾರ ಹಾಕಿ ತಿರುಗುತ್ತೇವೆ. ಪುಡಿಯಲ್ಲಿ ಹಾಗೆ ಮಾಡಿದರೆ ಆ ಕಾಲು ಮುಳುಗುತ್ತದೆ, ಇನ್ನೊಂದು ತೇಲುತ್ತದೆ, ನಾವು ಮುಗ್ಗರಿಸುತ್ತೇವೆ. ನಮಗೆ ಕಲಿಸುತ್ತಿದ್ದ ಕಾಶ್ಮೀರಿ ಗುರುಗಳು ಹೇಳಿದ್ದು ಇಷ್ಟೇ: ಎರಡು ಕಾಲುಗಳನ್ನು ಹತ್ತಿರ ತಂದು ಒಂದೇ ಹಲಗೆಯಂತೆ ಬಳಸಿ. ಭಾರ ಸಮನಾಗಿರಲಿ, ತೀರಾ ಹಿಂದೆ ವಾಲಬೇಡಿ. ಸ್ವಲ್ಪ ವೇಗ ಬರಲಿ, ಆ ವೇಗವೇ ನಿಮ್ಮನ್ನು ಮೇಲೆತ್ತುತ್ತದೆ. ಬಿದ್ದರೆ ಎರಡು ಕೋಲುಗಳನ್ನು ಕತ್ತರಿಯಾಗಿ ಹಿಮದ ಮೇಲಿಟ್ಟು, ಅವುಗಳ ಮೇಲೆ ಕೈ ಊರಿ ಏಳಿ. ಬರಿಗೈ ಊರಿದರೆ ತೋಳೇ ಮುಳುಗುತ್ತದೆ.

ನಾಲ್ಕು ದಿನಕ್ಕೆ ಲಯ ಸಿಕ್ಕಿತು. ಅದರೊಂದಿಗೆ ಸೊಕ್ಕೂ ಬಂತು. ಐದನೆಯ ದಿನ ನಮ್ಮಲ್ಲಿ ಕಿರಿಯವನು, ಯಾರೂ ತುಳಿಯದ ಹಿಮ ಕಂಡು, ಮರಗಳ ಕಡೆ ಒಬ್ಬನೇ ಜಾರಿದ. ತಿರುಗಿ ನೋಡಿದರೆ ಇಲ್ಲ. ಕೂಗಿದೆವು, ಉತ್ತರವಿಲ್ಲ. ದೇವದಾರು ಜಾತಿಯ ಮರಗಳ ತಗ್ಗಿನ ಕೊಂಬೆಗಳು ಹಿಮವನ್ನು ತಡೆಯುವುದರಿಂದ ಬುಡದಲ್ಲಿ ಸಡಿಲವಾದ ಗುಂಡಿ ಉಳಿಯುತ್ತದೆ. ಅದರಲ್ಲಿ ತಲೆಕೆಳಗಾಗಿ ಬಿದ್ದವನು ತಾನಾಗಿ ಮೇಲೇಳುವುದು ಬಹಳ ಕಷ್ಟ. ಹಿಮದಿಂದ ಹೊರಚಾಚಿದ್ದ ಅವನ ಸ್ಕೀ ತುದಿ ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ. ಸಲಿಕೆಯಿಂದ ತೋಡಿ ಎಳೆದಾಗ ಅವನ ತುಟಿ ನೀಲಿಗಟ್ಟಿತ್ತು. ಉಸಿರಿತ್ತು.

ಅವನ ಎದೆಗೆ ಕಟ್ಟಿದ್ದ ಸಂಕೇತ ಯಂತ್ರವನ್ನು ಗುರುಗಳು ನೋಡಿದರು. ಬ್ಯಾಟರಿ ಉಳಿಸಲೆಂದು ಅವನು ಅದನ್ನು ಆರಿಸಿಟ್ಟಿದ್ದ. ಗುರುಗಳು ಬೈಯಲಿಲ್ಲ. ಮರುದಿನದಿಂದ ಬೆಟ್ಟಕ್ಕೆ ಇಳಿಯುವ ಮುನ್ನ ಒಬ್ಬೊಬ್ಬರನ್ನೇ ದಾಟಿಸಿ ಯಂತ್ರ ಪರೀಕ್ಷಿಸಿದರು. ಯಂತ್ರ, ಶೋಧಕ ಕೋಲು, ಸಲಿಕೆ ಮೂರೂ ಇಲ್ಲದವರು ಹೊರಡುವಂತಿಲ್ಲ. ಹಿಮಪಾತದಲ್ಲಿ ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಅದು ಬೇಗ ಕುಸಿಯುತ್ತದೆ. ಪೇಟೆಯಿಂದ ಸಹಾಯ ಬರುವ ಹೊತ್ತಿಗೆ ತಡವಾಗಿರುತ್ತದೆ. ಕಾಪಾಡುವವರು ಜೊತೆಗಿದ್ದವರೇ. ಆದ್ದರಿಂದ ಕಡಿದಾದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಅವರ ಮೇಲೆಯೇ ಕಣ್ಣಿಡಬೇಕು. ಗಸ್ತಿನವರು ಮುಚ್ಚಿದ ಇಳಿಜಾರಿಗೆ ಹೋಗಲೇಬಾರದು. 2024ರ ಫೆಬ್ರವರಿಯಲ್ಲಿ ಇದೇ ಗುಲ್ಮಾರ್ಗ್‌ನಲ್ಲಿ ರಷ್ಯಾದ ಸ್ಕೀಯಿಗರೊಬ್ಬರು ಹಿಮಪಾತಕ್ಕೆ ಬಲಿಯಾದರು.

ಆ ಸಂಜೆ ಅಮ್ಮ ಫೋನ್ ಮಾಡಿ ಚಳಿ ಹೇಗಿದೆ ಎಂದಳು. ಇದೆ ಎಂದೆವು, ಅಷ್ಟೇ. ಊರಿಗೆ ಬಂದ ಮೇಲೆ ಮುಚ್ಚಿಡಲಾಗದೆ ಎಲ್ಲವನ್ನೂ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಿರಿಯವನ ತಲೆ ಸವರಿ, “ಬೂದಿ ಅಂದರೂ ಕೇಳಲಿಲ್ಲ, ಹಿಮ ಅಂದರೂ ಕೇಳಲಿಲ್ಲ” ಎಂದಳು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, “ನೀವು ಎಲ್ಲಿ ನೋಡುತ್ತಿದ್ದಿರಿ?” ಎಂದು ಕೇಳಿದಳು.

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಚಳಿಗಾಲ ಮತ್ತೆ ಹೋಗುವ ಮನಸ್ಸಿದೆ. ಆದರೆ ಈ ಸಲ ಒಬ್ಬರು ಜಾರುವಾಗ ಇಬ್ಬರು ನೋಡುತ್ತಿರುತ್ತೇವೆ.