ಕಲೆಗೂ ಒಂದು ಹೊಣೆಯುಂಟು

ಬರ, ನೆರೆಗಳಿಂದ ಜನರು ಕಂಗೆಟ್ಟಾಗ ಸಹಾಯಾರ್ಥವಾಗಿ ನೃತ್ಯ, ಸಂಗೀತ, ನಾಟಕಗಳನ್ನು ಏರ್ಪಡಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಕಲಾವಿದರು ಸಂಭಾವನೆಯನ್ನು ಬಿಟ್ಟುಕೊಡುತ್ತಾರೆ. ಪ್ರೇಕ್ಷಕರು ಟಿಕೇಟು ಕೊಂಡು ನೆರವಾಗುತ್ತಾರೆ. ಸಂಗ್ರಹವಾದ ಹಣ ನೊಂದವರಿಗೆ ಸಲ್ಲುತ್ತದೆ. ಇದು ಸತ್ಕಾರ್ಯವೇ ಸರಿ. ಆದರೆ ಹಣವನ್ನು ಒಪ್ಪಿಸಿದೊಡನೆ ಕಲೆಯ ಹೊಣೆ ತೀರಿತೇ? ಈ ಪ್ರಶ್ನೆಯನ್ನು ತಮ್ಮ ರಂಗಪ್ರವೇಶದ ದಿನವೇ ಎದುರಿಸಿ, ಉತ್ತರವನ್ನು ಅರಸುತ್ತ ಬಾಳಿದವರು ನೃತ್ಯಕಲಾವಿದೆ ಚಂದ್ರಲೇಖಾ.

1928ರಲ್ಲಿ ಮಹಾರಾಷ್ಟ್ರದ ವಾಡಾ ಎಂಬಲ್ಲಿ, ಗುಜರಾತಿ ಕುಟುಂಬವೊಂದರಲ್ಲಿ ಜನಿಸಿದ ಅವರು ಕಾನೂನು ವ್ಯಾಸಂಗವನ್ನು ಅರ್ಧದಲ್ಲಿಯೇ ತೊರೆದು ಮದರಾಸಿಗೆ ಬಂದು, ಕಾಂಚೀಪುರಂ ಎಲ್ಲಪ್ಪ ಪಿಳ್ಳೆಯವರಲ್ಲಿ ಭರತನಾಟ್ಯವನ್ನು ಅಭ್ಯಸಿಸಿದರು. 1952ರಲ್ಲಿ ನಡೆದ ಅವರ ರಂಗಪ್ರವೇಶವು ರಾಯಲಸೀಮೆಯ ಬರಪರಿಹಾರ ನಿಧಿಗಾಗಿ ಏರ್ಪಟ್ಟಿತ್ತು. ರಾಯಲಸೀಮೆಯೆಂದರೆ ಬಳ್ಳಾರಿ, ಕೋಲಾರಗಳಿಗೆ ತಾಗಿಕೊಂಡ ಸೀಮೆ. ಅಲ್ಲಿಯ ಬರ ಎಂಥದೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ವೇದಿಕೆಯ ಮೇಲೆ ಅವರು ಯಮುನೆಯನ್ನೂ ಅದರ ನೀರಾಟದ ಸಂಭ್ರಮವನ್ನೂ ಅಭಿನಯಿಸುತ್ತಿದ್ದಾಗ, ಪತ್ರಿಕೆಗಳಲ್ಲಿ ಕಂಡಿದ್ದ ಚಿತ್ರಗಳು ಥಟ್ಟನೆ ಕಣ್ಣಮುಂದೆ ನಿಂತವು: ಬಿರುಕುಬಿಟ್ಟ ನೆಲ, ಡಬ್ಬಗಳನ್ನು ಹಿಡಿದು ನೀರಿಗಾಗಿ ಸಾಲುಗಟ್ಟಿದ ಜನ. ಆ ಕ್ಷಣದಲ್ಲಿ ತಾವು ಇಬ್ಬರಾಗಿ ಒಡೆದುಹೋದಂತೆ ಭಾಸವಾಯಿತೆಂದು ಅವರು ಅನಂತರ ಹೇಳಿಕೊಂಡಿದ್ದಾರೆ.

ಇಲ್ಲಿ ಯಾರ ತಪ್ಪೂ ಇರಲಿಲ್ಲ. ಉದ್ದೇಶವೂ ಒಳ್ಳೆಯದು, ನೃತ್ಯವೂ ಒಳ್ಳೆಯದು. ಎರಡಕ್ಕೂ ಪರಸ್ಪರ ಪರಿಚಯವೇ ಇರಲಿಲ್ಲ, ಅಷ್ಟೇ. ಬರಗಾಲದ ಹೆಸರಿನಲ್ಲಿ ಹಣ ಕೂಡುತ್ತಿತ್ತು, ಕಲೆಯು ಮಾತ್ರ ಬರಗಾಲವನ್ನು ಕಂಡೇ ಇರಲಿಲ್ಲ. ಈ ಬಿರುಕನ್ನು ಅವರು ಮರೆಯಲೊಪ್ಪಲಿಲ್ಲ.

ಮುಂದೆಯೂ ಕೆಲವು ವರ್ಷ ಕುಣಿದು ಹೆಸರು ಗಳಿಸಿದ ಅವರು ಕ್ರಮೇಣ ವೇದಿಕೆಯಿಂದ ಹಿಂದೆ ಸರಿದರು. ಮಹಿಳಾ ಚಳವಳಿಗಾಗಿ, ಮಾನವ ಹಕ್ಕುಗಳಿಗಾಗಿ ಭಿತ್ತಿಪತ್ರಗಳನ್ನು ರಚಿಸಿದರು. ಇತರರಿಗೂ ಅದನ್ನು ಕಲಿಸಿದರು. 1980ರ ದಶಕದ ಆರಂಭದಲ್ಲಿ ರಾಜದ್ರೋಹದ ಆರೋಪವನ್ನೂ ಎದುರಿಸಬೇಕಾಯಿತು, ಅದು ನಿಲ್ಲಲಿಲ್ಲ. 1984ರಲ್ಲಿ ಮುಂಬಯಿಯಲ್ಲಿ ನಡೆದ ಪೂರ್ವ-ಪಶ್ಚಿಮ ನೃತ್ಯಸಮಾಗಮದಲ್ಲಿ ಅವರು ನೃತ್ಯಕ್ಕೆ ಮರಳಿದರು. ಮರುವರ್ಷ ‘ಅಂಗಿಕ’ ಬಂದಿತು. ಭರತನಾಟ್ಯದೊಡನೆ ಕೇರಳದ ಕಳರಿಪಯಟ್ಟನ್ನೂ ಯೋಗವನ್ನೂ ಜೋಡಿಸಿದ ಆ ಕೃತಿಯಲ್ಲಿ ಪ್ರಿಯನಿಗಾಗಿ ಕಾಯುವ ನಾಯಿಕೆಯಿರಲಿಲ್ಲ, ಬೆರಗುಗೊಳಿಸುವ ಆಭರಣಗಳಿರಲಿಲ್ಲ. ಶಿಸ್ತಿನಿಂದ ಹದಗೊಂಡ ಮನುಷ್ಯದೇಹವಿತ್ತು. ಭಾಸ್ಕರಾಚಾರ್ಯನ ಗಣಿತವನ್ನು ನರ್ತಿಸಿದ ‘ಲೀಲಾವತಿ’ (1989), ಮುಂದೆ ‘ಶ್ರೀ’, ಕೊನೆಗೆ ‘ಶರೀರ’ (2001) ಇವು ಅದೇ ದಾರಿಯಲ್ಲಿ ಬಂದ ಕೃತಿಗಳು.

ಸಮಾಜದ ಕಳಕಳಿಯುಳ್ಳವರ ಕಲೆ ಘೋಷಣೆಯಾಗಿಬಿಡುತ್ತದೆ ಎಂಬ ಆಕ್ಷೇಪ ಹಳೆಯದು. ಅದರಲ್ಲಿ ಸತ್ಯವೂ ಇದೆ. ಚಂದ್ರಲೇಖಾ ಅವರು ಈ ಅಪಾಯವನ್ನು ಬಲ್ಲವರಾಗಿದ್ದರು. ಬರವನ್ನು ಕುರಿತು ಒಂದು ಕರುಣಾಜನಕ ನೃತ್ಯವನ್ನು ರಚಿಸಿ ಕಣ್ಣೀರು ತರಿಸುವುದು ಅವರಿಗೆ ಕಷ್ಟವಾಗುತ್ತಿರಲಿಲ್ಲ. ಅವರು ಆ ದಾರಿ ಹಿಡಿಯಲಿಲ್ಲ. ನೇರವಾಗಿ ಹೇಳಬೇಕಾದುದನ್ನು ಭಿತ್ತಿಪತ್ರದಲ್ಲಿ ಹೇಳಿದರು. ನೃತ್ಯದಲ್ಲಿಯೋ, ದೇಹವೇ ಮಾತನಾಡಬೇಕು. ‘ಶ್ರೀ’ ಕೃತಿಯಲ್ಲಿ ಬಾಗಿದ ಬೆನ್ನಿನ ಸ್ತ್ರೀಯರು ತಮ್ಮ ಬೆನ್ನೆಲುಬನ್ನು ನಿಧಾನವಾಗಿ ನೆಟ್ಟಗೆ ಮಾಡಿಕೊಳ್ಳುವುದನ್ನು ಕಂಡವರಿಗೆ ಸ್ತ್ರೀಯರ ದಾಸ್ಯವನ್ನು ಕುರಿತು ಬೇರೆ ಉಪನ್ಯಾಸ ಬೇಕಿರಲಿಲ್ಲ. ಆಭರಣಗಳ ಕೆಳಗೆ ಮರೆಯಾಗಿದ್ದ ಬೆನ್ನೆಲುಬನ್ನು ಅವರು ನೃತ್ಯದ ಕೇಂದ್ರಕ್ಕೆ ತಂದರು. ಸಂಪ್ರದಾಯವಾದಿಗಳು ಮುನಿದರು, ಅವರ ಕೆಲವು ಕೃತಿಗಳನ್ನು ಒಪ್ಪದವರು ಇಂದಿಗೂ ಇದ್ದಾರೆ. ಆದರೂ 2004ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಅವರಿಗೆ ಸಂದಿತು. 2006ರ ಡಿಸೆಂಬರ್ 30ರಂದು ಅವರು ಚೆನ್ನೈಯಲ್ಲಿ ನಿಧನರಾದರು.

ಇಂದು ಮನೆಮನೆಯ ಹೆಣ್ಣುಮಕ್ಕಳು ಭರತನಾಟ್ಯ ಕಲಿಯುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಎಷ್ಟೋ ರಂಗಪ್ರವೇಶಗಳು ಮದುವೆಯ ಆಡಂಬರದಲ್ಲಿ ನಡೆಯುತ್ತವೆ. ಆಹ್ವಾನಪತ್ರಿಕೆ, ಉಡುಗೆ, ಭೋಜನಗಳ ಸಡಗರದಲ್ಲಿ ಮಗು ಏನನ್ನು ಅಭಿನಯಿಸುತ್ತಿದೆ, ಅದನ್ನು ಎಲ್ಲಿಯಾದರೂ ಕಂಡಿದೆಯೇ ಎಂದು ಕೇಳುವವರು ಅಪರೂಪ. ಸಹಾಯಾರ್ಥ ಪ್ರದರ್ಶನಗಳನ್ನು ನಡೆಸುವ ಸಂಸ್ಥೆಗಳೂ ಲೆಕ್ಕಪತ್ರವನ್ನು ಒಪ್ಪಿಸಿ ನಿಶ್ಚಿಂತವಾಗುತ್ತವೆ. ಯಾರಿಗಾಗಿ ಹಣ ಸೇರಿಸಲಾಗುತ್ತಿದೆಯೋ ಆ ಊರಿಗೆ ಕಲಾವಿದರನ್ನೂ ಮಕ್ಕಳನ್ನೂ ಪ್ರದರ್ಶನಕ್ಕೆ ಮೊದಲು ಒಮ್ಮೆ ಕರೆದೊಯ್ಯುವುದು ದೊಡ್ಡ ಖರ್ಚಿನ ಕೆಲಸವಲ್ಲ. ಅಲ್ಲಿಂದ ಮರಳಿದ ಮೇಲೂ ಅವರು ಯಮುನೆಯನ್ನೇ ಅಭಿನಯಿಸಬಹುದು. ನೀರಿನ ಬೆಲೆ ತಿಳಿದು ಅಭಿನಯಿಸಿಯಾರು.